ಸಮಸ್ಯೆ: ಗುಡುಗು ಹಿರಿಯದು, ಮಿಂಚು ಕಿರಿಯದು ಮುಗಿಲ ತೊಟ್ಟಿಲಲಿ

ಸಮಸ್ಯೆ ಕೊಟ್ಟವರು:
ಇದು ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೇ ಸಾಲು, ಮೇಲಿನ ಐದು ಸಾಲು ಕಟ್ಟಿ ಪೂರಣ ಮಾಡೋದು ನೀವು. ಡಕಾರ ಪ್ರಾಸ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಡಕಾರ. ಮೊದಲು ಮಿಂಚು ಆಮೇಲೆ ಗುಡುಗು ಅಂತ ಮಕ್ಕಳಿಗೂ ಗೊತ್ತು, ಅದನ್ನೇ ತಿರುಗಾಮುರುಗಾ ಮಾಡಿ ಕೊಟ್ಟಿದೀನಿ, ಆದ್ರೆ ಹಳೇ ಗ್ರೀಕರ ಹತ್ರ ಹೋದ್ರೆ ಸಾಲು ತಾನಾಗೇ ಕೂರುತ್ತೆ. ಪುರಾಣನೋ ಶಾಸ್ತ್ರನೋ ನಿಮ್ಮಿಷ್ಟ.

ಪೂರಣ 1:
ಸರ್, ನಾನು ಹಳೇ ಗ್ರೀಕ್ ಕವಿ ಹೆಸಿಯೋಡನನ್ನ ಹಿಡ್ಕೊಂಡೆ.

ನಡುಹಣೆಯೊಳೊಂದೊಂದೆ ಕಣ್ಣಿನ
ಒಡನೆ ಹುಟ್ಟಿದ ಮೂರು ಮಂದಿಗೆ
ಪೊಡವಿ ತಾಯಿಯು, ಬಾನು ತಂದೆಯು, ಕುಲುಮೆಯೇ ಕಸುಬು
ಬಡಿದು ಸಿಡಿಲನು ಕೊಟ್ಟರೊಡೆಯಗೆ
ನುಡಿವ ಕವಿ ಹೆಸರೆತ್ತಿ ಸಾಲಲಿ
ಗುಡುಗು ಹಿರಿಯದು, ಮಿಂಚು ಕಿರಿಯದು ಮುಗಿಲ ತೊಟ್ಟಿಲಲಿ

ಒಡೆಯ ಅಂದ್ರೆ ಗ್ರೀಕರ ದೇವರಾಜ ಜ್ಯೂಸ್. ಹೆಸಿಯೋಡನ ಕಾವ್ಯ ‘ಥಿಯಾಗನಿ’ಯಲ್ಲಿ ಸೈಕ್ಲೋಪ್ಸ್ ಅನ್ನೋ ಈ ಒಕ್ಕಣ್ಣ ದೈತ್ಯರ ಹೆಸರು ಬರೋದೇ ಬ್ರಾಂಟೀಸ್, ಸ್ಟೆರೋಪೀಸ್, ಆರ್ಗೀಸ್ ಅಂತ. ಬ್ರಾಂಟೀಸ್ ಅಂದ್ರೆ ಗುಡುಗು, ಸ್ಟೆರೋಪೀಸ್ ಮಿಂಚು.

ಸಮಸ್ಯೆ ಕೊಟ್ಟವರು:
ಹೆಸರು ಮೊದಲು ಬಂದ ಮಾತ್ರಕ್ಕೆ ಹಿರಿಯ ಅನ್ನೋಕಾಗುತ್ತಾ ಅಂತ ಸ್ವಲ್ಪ ಅನುಮಾನ. ಆದ್ರೆ ಮೊದಲ ಸಾಲು ಓದ್ತಿದ್ದ ಹಾಗೇ ಕಣ್ಣಿಗೆ ಕಟ್ಟುತ್ತೆ, ಭೇಷ್.

ಪೂರಣ 2:
ನಂದು ಶಾಸ್ತ್ರದ ಕಡೆ.

ಹಡಗು ದೂರದಿ ಬರಲು ಹುಟ್ಟಿನ
ಬಡಿತ ಮೊದಲೇ ಕಣ್ಗೆ ಕಂಡಿತು
ತಡೆದು ಬಂದಿತು ಕಿವಿಗೆ ಸಪ್ಪಳ ಹುಟ್ಟು ಮೇಲಿರಲು
ಸಿಡಿಲ ಕಥೆಯೂ ಹಾಗೆ ಎಂದನು
ಬಿಡಿಸಿ ಯವನರ ಗುರುವು ಹಿಂದೆಯೆ
ಗುಡುಗು ಹಿರಿಯದು, ಮಿಂಚು ಕಿರಿಯದು ಮುಗಿಲ ತೊಟ್ಟಿಲಲಿ

ಯವನರ ಗುರು ಅಂದ್ರೆ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್, ಕ್ರಿ.ಪೂ. 4ನೇ ಶತಮಾನ, ಮಳೆ ಗಾಳಿ ಸಿಡಿಲಿನ ಬಗ್ಗೆ ಅವನು ಬರೆದ ‘ಮೀಟಿಯೊರೊಲೊಜಿಕಾ’ದಲ್ಲಿ ಇದೆ. ಮೋಡ ತಣ್ಣಗಾಗಿ ಗಟ್ಟಿಯಾದಾಗ ಒಳಗೆ ಸಿಕ್ಕಿಕೊಂಡ ಒಣ ಆವಿ ಈಚೆಗೆ ಚಿಮ್ಮುತ್ತೆ, ಬೆರಳಲ್ಲಿ ಒತ್ತಿದ ಹಣ್ಣಿನ ಬೀಜ ಪುಳಕ್ ಅಂತ ಹಾರುತ್ತಲ್ಲ ಹಾಗೆ, ಅದು ಪಕ್ಕದ ಮೋಡಕ್ಕೆ ಬಡಿದದ್ದು ಗುಡುಗು, ಆಮೇಲೆ ಹೊತ್ತಿಕೊಂಡದ್ದು ಮಿಂಚು. ಹಾಗಾದ್ರೆ ನಮಗ್ಯಾಕೆ ಮಿಂಚೇ ಮೊದಲು ಕಾಣುತ್ತೆ ಅಂದ್ರೆ, ಕಿವಿಗಿಂತ ಕಣ್ಣು ಮುಂದೆ ಅಂತಾನೆ. ಹುಟ್ಟು ಹಾಕೋರ ಉದಾಹರಣೆನೂ ಅವನದ್ದೇ, ಸದ್ದು ನಮ್ಮನ್ನ ಮುಟ್ಟೋ ಹೊತ್ತಿಗೆ ಅವರು ಹುಟ್ಟನ್ನ ಆಗಲೇ ಹಿಂದಕ್ಕೆ ತರ್ತಿರ್ತಾರೆ.

ಸಮಸ್ಯೆ ಕೊಟ್ಟವರು:
ಮೇಡಂ, ನಾನು ಕಾಯ್ತಿದ್ದದ್ದು ಇದಕ್ಕೇ! ಹುಟ್ಟು ಅಂದ್ರೆ ದೋಣಿಯದ್ದೂ ಹೌದು ಜನನವೂ ಹೌದು, ತೊಟ್ಟಿಲಿಗೆ ಸರಿಯಾಗಿ ಶ್ಲೇಷ ಕೂತಿದೆ. ಮಿಂಚಿನ ಬಿಸಿಗೆ ಗಾಳಿ ಒಮ್ಮೆಲೇ ಉಬ್ಬಿದ್ದಕ್ಕೇ ಗುಡುಗು ಅಂತ ಈಗ ಗೊತ್ತು, ಸೋ ಯಾರು ಹಿರಿಯರು ಅನ್ನೋದ್ರಲ್ಲಿ ಅವನು ತಪ್ಪಿದ, ಆದ್ರೆ ಸದ್ದು ತಡವಾಗಿ ಬರುತ್ತೆ ಅಂತ ಹಡಗು ನೋಡ್ಕೊಂಡು ಹಿಡಿದ್ನಲ್ಲ, ಅದನ್ನ ನೆನೆಸ್ಕೊಂಡ್ರೆ ಈಗಲೂ ಮೈ ಜುಮ್ಮನ್ನುತ್ತೆ.

ಗ್ರೀಕ್ ಹಾಸ್ಯ ನಾಟಕಕಾರ ಅರಿಸ್ಟೋಫನೀಸನ ‘ಮೋಡಗಳು’ ನಾಟಕನ ಇನ್ನೂ ಯಾರೂ ಮುಟ್ಟಿಲ್ಲ, ಕ್ರಿ.ಪೂ. 423ರದ್ದು. ಗುಡುಗೋದು ಜ್ಯೂಸ್ ಅಲ್ಲ, ನೀರು ತುಂಬಿದ ಮೋಡಗಳು ಡಿಕ್ಕಿ ಹೊಡೆಯೋದು ಅಂತ ಅಲ್ಲಿ ಸಾಕ್ರಟೀಸ್ ವಾದ ಮಾಡ್ತಾನೆ. ಭಾನುವಾರ ರಾತ್ರಿವರೆಗೂ ಟೈಮ್ ಇದೆ.