‘ರಿಫ್ರೆಶಬಲ್ ಬ್ರೈಲ್ ಡಿಸ್ಪ್ಲೇ’ಗೆ ಕನ್ನಡದಲ್ಲಿ ಏನೆನ್ನೋಣ? ‘ಮೂಡುಚುಕ್ಕಿ ಮಣೆ’ ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಅಂಧ ಮಕ್ಕಳ ಶಾಲೆಯೊಂದಕ್ಕೆ ದಾನಿಗಳು ಕೊಡಿಸಿದ ಬ್ರೈಲ್ ಸಾಧನದ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬ್ಯಾಟರಿ ತುಂಬಿಸುವುದು, ಬ್ಲೂಟೂತ್ ಜೋಡಿಸುವುದು, ಕಡತ ತೆರೆಯುವುದು ಎಲ್ಲ ಬರೆದು ಮುಗಿದಿದೆ. ಸಾಧನದ ಹೆಸರೊಂದೇ ಬಾಕಿ. ಮುಖಪುಟದಲ್ಲಿ ಏನು ಬರೆಯಬೇಕು ಎಂಬುದನ್ನು ನಿಮ್ಮನ್ನು ಕೇಳದೆ ತೀರ್ಮಾನಿಸಲು ಮನಸ್ಸು ಒಪ್ಪುತ್ತಿಲ್ಲ.

ಸಾಧನವನ್ನು ಮುಟ್ಟಿ ನೋಡದವರಿಗಾಗಿ ಎರಡು ಮಾತು. ಬ್ರೈಲ್‌ನ ಒಂದು ಸೆಲ್ ಎಂದರೆ ಎರಡು ಕಂಬಗಳಲ್ಲಿ ಮೂರು ಮೂರರಂತೆ ಆರು ಚುಕ್ಕಿಗಳ ಜಾಗ. ಲೂಯಿ ಬ್ರೈಲ್ ತನ್ನ ಪದ್ಧತಿಯನ್ನು ಮೊದಲು ಪ್ರಕಟಿಸಿದ್ದು 1829ರಲ್ಲಿ. ಅಂದಿನಿಂದ ಬಹುಕಾಲ ಬ್ರೈಲ್ ಎಂದರೆ ದಪ್ಪ ಕಾಗದದ ಮೇಲಿನ ಉಬ್ಬು. ಒಮ್ಮೆ ಉಬ್ಬಿದ ಚುಕ್ಕಿ ಸವೆಯುವವರೆಗೂ ಅಲ್ಲೇ ಇರುತ್ತದೆ, ಒಂದು ಪಠ್ಯಪುಸ್ತಕ ಹಲವು ಸಂಪುಟಗಳಾಗಿ ಹಲಗೆಯನ್ನು ತುಂಬುತ್ತದೆ. ಈ ಸಾಧನದಲ್ಲಿ ಹಾಗಲ್ಲ. ಸಣ್ಣ ರಂಧ್ರಗಳೊಳಗಿಂದ ಮೊಳೆಯಂಥ ಕಡ್ಡಿಗಳು ಮೇಲೇಳುತ್ತವೆ, ಕೆಳಗಿಳಿಯುತ್ತವೆ. ಬೆರಳು ಸಾಲನ್ನು ಓದಿ ಮುಗಿಸಿದ ಮೇಲೆ ಗುಂಡಿ ಒತ್ತಿದರೆ ಅದೇ ಜಾಗದಲ್ಲಿ ಮುಂದಿನ ಸಾಲು ಬರುತ್ತದೆ. ಎಷ್ಟು ಪುಟದ ಪುಸ್ತಕವಾದರೂ ಒಂದೇ ಸಾಲಿನಲ್ಲಿ ಹರಿದು ಹೋಗುತ್ತದೆ.

ನನಗಿಂತ ಮುಂಚೆ ಯಾರೋ ಮಾಡಿಟ್ಟಿದ್ದ ಕರಡಿನಲ್ಲಿ ಇದನ್ನು ‘ನವೀಕರಿಸಬಹುದಾದ ಬ್ರೈಲ್ ಪ್ರದರ್ಶಕ’ ಎಂದು ಬರೆದಿತ್ತು. ಈ ಹೆಸರಿನ ಎರಡು ಭಾಗಗಳೂ ನನಗೆ ತೊಡಕಾಗಿವೆ. ‘ನವೀಕರಿಸಬಹುದಾದ’ ಎಂದೊಡನೆ ಪತ್ರಿಕೆ ಓದುವ ಯಾರಿಗೂ ಸೌರಶಕ್ತಿ, ಗಾಳಿಯಂತ್ರ ನೆನಪಾಗುತ್ತವೆ. ಪರವಾನಗಿ ನವೀಕರಣ, ಕಟ್ಟಡ ನವೀಕರಣ ಎನ್ನುವಾಗ ಹಳೆಯದನ್ನು ಹೊಸದು ಮಾಡುವ ಅರ್ಥವಿದೆ. ಇಲ್ಲಿ ಹಳೆಯದು ಹೊಸದಾಗುವುದಿಲ್ಲ, ಒಂದು ಹೋಗಿ ಇನ್ನೊಂದು ಬರುತ್ತದೆ. ‘ಪ್ರದರ್ಶಕ’ದಲ್ಲಿ ದರ್ಶನವಿದೆ. ‘ಪರದೆ’ ಎಂದರೂ ಅದೇ ತೊಡಕು, ಅದು ಕಣ್ಣಿನ ಮುಂದೆ ಇಳಿಬಿಡುವ ವಸ್ತು.

ಕಣ್ಣಿನ ಪದ ಬೇಡ ಎಂಬ ನನ್ನ ಈ ವಾದವನ್ನು ಅದೇ ಶಾಲೆಯಲ್ಲಿ ಬ್ರೈಲ್ ಕಲಿಸುವ ಮೇಡಂ ಅರ್ಧದಲ್ಲೇ ತಡೆದರು. ಅವರು ಹುಟ್ಟಿನಿಂದ ಅಂಧರು, ನಲವತ್ತು ವರ್ಷಗಳಿಂದ ಬೆರಳಿನಲ್ಲಿ ಓದುತ್ತಿರುವವರು. “ನಾವು ಟಿ.ವಿ. ನೋಡುತ್ತೇವೆ, ಪುಸ್ತಕ ನೋಡುತ್ತೇವೆ, ‘ಆಮೇಲೆ ನೋಡೋಣ’ ಎನ್ನುತ್ತೇವೆ. ‘ನೋಡು’ ಎಂಬ ಪದಕ್ಕೆ ನಾವು ಅಂಜುವುದಿಲ್ಲ, ನೀವೂ ಅಂಜಬೇಡಿ. ಆದರೆ ಕೈಪಿಡಿಯಲ್ಲಿ ‘ಪರದೆ’ ಎಂದು ಬರೆದರೆ ಮಕ್ಕಳು ಲ್ಯಾಪ್‌ಟಾಪಿನ ಪರದೆ ಎಂದುಕೊಂಡು ಅಲ್ಲಿ ಕೈಯಾಡಿಸುತ್ತಾರೆ” ಎಂದರು. ಸಂಗತಿ ನೋವು ತಾಕುವುದರದ್ದಲ್ಲ, ಖಚಿತತೆಯದ್ದು. ಅವರ ಮಾತನ್ನು ಒಪ್ಪಿಕೊಂಡು ಮುಂದೆ ಹೋಗುತ್ತೇನೆ.

ಸಾಧನದ ಹೆಸರಿಗಿಂತ ಮೊದಲು ‘ಸೆಲ್’ ಎಂಬುದಕ್ಕೆ ಪದ ಹುಡುಕಬೇಕಾಗಿ ಬಂದದ್ದು ಒಂದು ಪುಟ್ಟ ಘಟನೆಯಿಂದ. ಪೆಟ್ಟಿಗೆಯ ಮೇಲೆ ‘20 ಸೆಲ್‌ಗಳ ಸಾಧನ’ ಎಂದು ಬರೆದಿತ್ತು. ಮಗಳನ್ನು ಕರೆದೊಯ್ಯಲು ಬಂದಿದ್ದ ತಂದೆಯೊಬ್ಬರು ಅದನ್ನು ಓದಿ, “ಇಪ್ಪತ್ತು ಸೆಲ್ಲನ್ನು ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?” ಎಂದು ಕೇಳಿದರು. ಟಾರ್ಚಿನ ಸೆಲ್ಲೇ ಅವರಿಗೆ ಗೊತ್ತಿದ್ದ ಸೆಲ್. ಖರ್ಚಿನ ಲೆಕ್ಕ ಹಾಕುತ್ತಿದ್ದ ಆ ಮುಖ ನೆನಪಿನಿಂದ ಹೋಗುತ್ತಿಲ್ಲ. ಹಳೆಯ ಕರಡಿನಲ್ಲಿ ಇದಕ್ಕೆ ‘20 ಅಕ್ಷರಗಳ ಸಾಧನ’ ಎಂದಿತ್ತು. ಅದು ತಪ್ಪು ಮಾಹಿತಿ.

ಏಕೆ ತಪ್ಪು ಎಂಬುದನ್ನು ಕನ್ನಡಿಗರಾದ ನಾವು ತಿಳಿಯಲೇಬೇಕು. ಭಾರತೀಯ ಭಾಷೆಗಳಿಗೆಲ್ಲ ಸಮಾನವಾಗಿ 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್‌ನಲ್ಲಿ ಗುಣಿತದ ಸ್ವರಕ್ಕೆ ಬೇರೆ ಸೆಲ್ ಬೇಕು. ಒತ್ತಕ್ಷರ ಕೆಳಗೆ ಕೂರುವುದಿಲ್ಲ. ಸ್ವರವಿಲ್ಲದ ವ್ಯಂಜನಕ್ಕಿಂತ ಮೊದಲು ನಾಲ್ಕನೆಯ ಚುಕ್ಕಿಯ ಸೆಲ್ಲೊಂದನ್ನು ಇಟ್ಟು ಎಲ್ಲವನ್ನೂ ಉಚ್ಚಾರದ ಕ್ರಮದಲ್ಲೇ ಸಾಲಾಗಿ ಬರೆಯಬೇಕು. ‘ಕನ್ನಡ’ ಎಂಬುದಕ್ಕೆ 5 ಸೆಲ್. ‘ವಿದ್ಯಾರ್ಥಿ’ ನಮ್ಮ ಕಣ್ಣಿಗೆ ಮೂರೇ ಅಕ್ಷರ, ಬೆರಳಿಗೆ 10 ಸೆಲ್: ವ, ಇ, ನಾಲ್ಕನೆಯ ಚುಕ್ಕಿ, ದ, ಯ, ಆ, ಮತ್ತೆ ನಾಲ್ಕನೆಯ ಚುಕ್ಕಿ, ರ, ಥ, ಇ. ಅರ್ಕಾವತ್ತು ಇಲ್ಲವೇ ಇಲ್ಲ, ಬಾಯಲ್ಲಿ ಮೊದಲು ಬರುವ ‘ರ’ ಬರಹದಲ್ಲೂ ಮೊದಲೇ ಬರುತ್ತದೆ. 20 ಸೆಲ್‌ಗಳ ಸಾಧನದಲ್ಲಿ ‘ವಿದ್ಯಾರ್ಥಿ’ ಎಂದು ಎರಡು ಸಲ ಬರೆಯಲು ನಡುವಿನ ತೆರಪಿನ ಒಂದು ಸೆಲ್ ಕೊರತೆ ಬೀಳುತ್ತದೆ! ‘20 ಅಕ್ಷರ’ ಎಂದು ನಂಬಿ ಕೊಂಡವರಿಗೆ ಇದು ಮೋಸವಲ್ಲವೇ?

‘ಕೋಶ’ ಎನ್ನಬಹುದು ಎಂದು ಕೆಲವರು ಹೇಳಿದರು. ಜೀವಕೋಶ, ಶಬ್ದಕೋಶ, ಬೊಕ್ಕಸ ಎಲ್ಲವೂ ಅದರಲ್ಲಿ ತುಂಬಿಕೊಂಡಿವೆ. ನನಗೆ ಹೊಳೆದದ್ದು ‘ಮನೆ’. ಚೌಕಾಬಾರದಲ್ಲಿ ಕಾಯಿ ನಡೆಸುವುದು ಮನೆಯಿಂದ ಮನೆಗೆ. ಚದುರಂಗದಲ್ಲಿ 64 ಮನೆ. ಗೆರೆಯೊಳಗಿನ ಜಾಗಕ್ಕೆ, ಏನಾದರೂ ಬಂದು ಕೂತು ಎದ್ದು ಹೋಗುವ ಜಾಗಕ್ಕೆ, ಕನ್ನಡ ತಲೆಮಾರುಗಳಿಂದ ಮನೆ ಎನ್ನುತ್ತಿದೆ. ‘ಆರು ಚುಕ್ಕಿಯ ಮನೆ’, ‘20 ಮನೆಯ ಸಾಧನ’ ಎಂದರೆ ಆ ತಂದೆಗೂ ತಿಳಿಯುತ್ತದೆ.

ಇನ್ನು ‘ರಿಫ್ರೆಶ್’. ಮೊದಲು ನಾನು ‘ಏಳುಚುಕ್ಕಿ’ ಎಂದು ಕಟ್ಟಿದ್ದೆ, ಏಳುವ ಚುಕ್ಕಿ ಎಂಬ ಅರ್ಥದಲ್ಲಿ. ಆದರೆ ಆರು ಚುಕ್ಕಿಯ ಮನೆ, ಇಂಥ ಸಾಧನಗಳಲ್ಲಿ ಕೆಳಗೆ ಇನ್ನೆರಡು ಚುಕ್ಕಿ ಸೇರಿದ ಎಂಟು ಚುಕ್ಕಿಯ ಮನೆ ಇರುವ ಕಡೆ ‘ಏಳುಚುಕ್ಕಿ’ ಎಂದರೆ ಓದುವವರು ಎಣಿಸತೊಡಗುತ್ತಾರೆ. ಬಿಟ್ಟುಬಿಟ್ಟೆ. ಆಮೇಲೆ ಬಂದದ್ದು ‘ಮೂಡು’. ಚಿತ್ರ ಮೂಡುತ್ತದೆ, ಅಚ್ಚು ಮೂಡುತ್ತದೆ, ಆಕಾಶದಲ್ಲಿ ಚುಕ್ಕಿ ಮೂಡುತ್ತದೆ, ಹೊತ್ತು ಕಳೆದರೆ ಮುಳುಗುತ್ತದೆ. ಕಡ್ಡಿ ಮೇಲೇಳುವುದಕ್ಕೂ ಇಳಿಯುವುದಕ್ಕೂ ಜೋಡಿ ಕ್ರಿಯಾಪದಗಳು ಸಿದ್ಧವಾಗಿಯೇ ಇವೆ: “ಸಾಲು ಮೂಡಿತು, ಸಾಲು ಮುಳುಗಿತು.” ಸುಡುಗಾಡು ಎಂಬುದರಂತೆ ಗಮಕ ಸಮಾಸ ಮಾಡಿದರೆ ‘ಮೂಡುಚುಕ್ಕಿ’. ಚಕಾರಕ್ಕೆ ಆದೇಶಸಂಧಿಯ ಬಾಧೆ ಇಲ್ಲದ್ದರಿಂದ ರೂಪವೂ ಕೆಡುವುದಿಲ್ಲ.

ಕೊನೆಯ ಪದವಾಗಿ ‘ಸಾಲು’ ಇಡೋಣ ಎಂದುಕೊಂಡಿದ್ದೆ. ಆದರೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ರೂಪುಗೊಂಡ ‘ಕ್ಯಾನ್ಯೂಟ್ 360’ ಎಂಬ ಸಾಧನದಲ್ಲಿ 9 ಸಾಲುಗಳಿವೆ, ಪ್ರತಿಯೊಂದರಲ್ಲೂ 40 ಮನೆ. ‘ಒಂಬತ್ತು ಸಾಲಿನ ಸಾಲು’ ಎನ್ನಲಾಗದು. ಆದ್ದರಿಂದ ‘ಮಣೆ’. ಚನ್ನೆಮಣೆ, ಅಳಗುಳಿಮಣೆ ಆಡಿದವರಿಗೆ ಗೊತ್ತು: ಮಣೆಯ ಮೇಲೆ ಕುಳಿಗಳು, ಕುಳಿಗಳು ತುಂಬುತ್ತವೆ, ಬರಿದಾಗುತ್ತವೆ, ಕೈ ಮುಂದೆ ಸಾಗುತ್ತದೆ. ಈ ಸಾಧನಕ್ಕೆ ಇಷ್ಟು ಹತ್ತಿರದ ಹೋಲಿಕೆ ನನಗೆ ಬೇರೆ ಸಿಗಲಿಲ್ಲ.

ಬೆಲೆಯ ಬಗ್ಗೆಯೂ ಒಂದು ಪದದ ಪ್ರಶ್ನೆ ಇದೆ. ಹಳೆಯ ಬಗೆಯ ಮಣೆಯಲ್ಲಿ ಪ್ರತಿ ಚುಕ್ಕಿಯ ಕೆಳಗೂ ವಿದ್ಯುತ್ ಹಾಯಿಸಿದರೆ ಬಾಗುವ ಪಿಂಗಾಣಿಯ ತೆಳುಪಟ್ಟಿ ಇರುತ್ತದೆ. ಪೀಜೋ ಎನ್ನುತ್ತಾರೆ, ಅದಕ್ಕೆ ಸುಮಾರು 200 ವೋಲ್ಟ್ ಬೇಕು. ಎಂಟು ಚುಕ್ಕಿಯ 40 ಮನೆಗೆ 320 ಪಟ್ಟಿಗಳು. ಜಗತ್ತಿನಲ್ಲಿ ಅವನ್ನು ತಯಾರಿಸುವವರು ಬೆರಳೆಣಿಕೆಯಷ್ಟು, ಕೊಳ್ಳುವವರೂ ಕಡಿಮೆ, ಹಾಗಾಗಿ ಬೆಲೆ ಲಕ್ಷಗಳಲ್ಲಿ. ಇದನ್ನು ಮುರಿಯಲೆಂದೇ ಹಲವು ದೇಶಗಳ ಅಂಧರ ಸಂಸ್ಥೆಗಳು ಒಂದಾಗಿ ‘ಆರ್ಬಿಟ್ ರೀಡರ್ 20’ ಬರುವಂತೆ ಮಾಡಿದವು. ಮುಂಬೈನ ಇನೋವಿಷನ್ ಅಯಸ್ಕಾಂತದ ತತ್ತ್ವದಿಂದ ಚುಕ್ಕಿ ಎಬ್ಬಿಸುವ ‘ಬ್ರೈಲ್‌ಮಿ’ ಮಾಡಿತು. ಅಮೆರಿಕದಲ್ಲಿ ಇವೆರಡೂ 500 ಡಾಲರ್ ಆಸುಪಾಸಿನಲ್ಲಿ ಮಾರಾಟಕ್ಕೆ ಬಂದವು. ಆರ್ಬಿಟ್‌ನಲ್ಲಿ ಸಾಲು ಬದಲಾಗುವುದು ನಿಧಾನ, ಸದ್ದೂ ಆಗುತ್ತದೆ. ಆದರೂ ಒಂದು ಮಣೆಯ ದುಡ್ಡಿನಲ್ಲಿ ಹಲವು ಮಕ್ಕಳ ಕೈಗೆ ಮಣೆ ಬಂದದ್ದು ದೊಡ್ಡ ಸಂಗತಿ.

ಇಂಥವಕ್ಕೆ ‘ಅಗ್ಗದ’ ಎನ್ನಬೇಕೋ ‘ಕೈಗೆಟುಕುವ’ ಎನ್ನಬೇಕೋ? ‘ಅಗ್ಗದ’ ಎಂದರೆ ಸಾಮಾನು ಕಳಪೆ ಎಂಬ ನೆರಳು ಬೀಳುತ್ತದೆ. ‘ಸುಲಭ ಬೆಲೆಯ’ ಎಂಬುದೂ ಇದೆ. ನಾನು ‘ಕೈಗೆಟುಕುವ’ ಎಂದೇ ಬರೆದಿದ್ದೇನೆ. ಆದರೆ ಕೂಲಿ ಮಾಡುವ ಮನೆಯ ಹುಡುಗಿಗೆ ಮೂವತ್ತು ನಲವತ್ತು ಸಾವಿರವೂ ಎಟುಕುವುದಿಲ್ಲ ಎಂಬುದು ಮನಸ್ಸಿನಲ್ಲಿದೆ. ಹಾಗಾಗಿ ಆ ಪದವನ್ನು ಒಂದೇ ಕಡೆ, ‘ಹಿಂದಿನವಕ್ಕೆ ಹೋಲಿಸಿದರೆ’ ಎಂದು ಸೇರಿಸಿ ಬಳಸಿದ್ದೇನೆ.

ಈಗ ನನ್ನನ್ನು ಕಾಡುತ್ತಿರುವ ತೊಡಕು. ‘20 ಮನೆಯ ಮಣೆ’ ಎಂಬುದು ಕಣ್ಣಿಗೆ ಚೆಂದ, ಬ್ರೈಲ್‌ನಲ್ಲೂ ಸ್ಪಷ್ಟ, ಏಕೆಂದರೆ ‘ನ’ ಮತ್ತು ‘ಣ’ ಬೆರಳಿಗೆ ಬೇರೆ ಬೇರೆ. ಕಿವಿಗೆ? ನಮ್ಮ ಅನೇಕ ಕಡೆ ಆಡುಮಾತಿನಲ್ಲಿ ಣಕಾರ ನಕಾರಕ್ಕೆ ಸರಿದಿದೆ. ಅನೇಕ ಮಕ್ಕಳು ಈ ಕೈಪಿಡಿಯನ್ನು ಮೊದಲು ಕೇಳುವುದು ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರಿನ ಯಾಂತ್ರಿಕ ದನಿಯಲ್ಲಿ. ಅಲ್ಲಿ ಎರಡೂ ಒಂದೇ ಆಗಿ ಕೇಳಿಸಿದರೆ ಪದ ಸೋತಂತೆ. ಮೇಡಂ ಹೇಳುವುದು, “ಮನೆ ಇರಲಿ, ಮಣೆ ಬದಲು ಪಟ್ಟಿ ಎನ್ನಿ” ಎಂದು. ‘ಮೂಡುಚುಕ್ಕಿ ಪಟ್ಟಿ’ ಎಂದರೆ ಚುಕ್ಕಿಗಳ ಯಾದಿ ಎಂಬ ಅರ್ಥ ಬರುವ ಭಯ ನನಗೆ. ಅವರ ವಿದ್ಯಾರ್ಥಿಗಳೋ ಇಷ್ಟು ದಿನವೂ ‘ಡಿಸ್ಪ್ಲೇ’ ಎಂದೇ ಕರೆಯುತ್ತಿದ್ದಾರೆ. ಅದನ್ನು ಕೈಬಿಡಿ ಎನ್ನುವ ಹಕ್ಕು ನನಗಿಲ್ಲ. ಕೈಪಿಡಿಯಲ್ಲಿ ಮೊದಲ ಸಲ ಎರಡೂ ಪದಗಳನ್ನು ಜೊತೆಗಿಡುತ್ತೇನೆ.

ನಿಮ್ಮಲ್ಲಿ ಬ್ರೈಲ್ ಓದುವವರು ಮೊದಲು ಉತ್ತರಿಸಬೇಕೆಂದು ವಿನಂತಿ. ನಿಮ್ಮ ಊರಿನಲ್ಲಿ, ನಿಮ್ಮ ಶಾಲೆಯಲ್ಲಿ ಸೆಲ್‌ಗೆ ಬೇರೆ ಹೆಸರು ಬಳಕೆಯಲ್ಲಿದೆಯೇ? ಧಾರವಾಡ, ಕಲಬುರಗಿ ಕಡೆಯವರಿಗೆ ‘ಮಣೆ’ ಎಂದರೆ ಕೂರುವ ಮಣೆಯಷ್ಟೇ ನೆನಪಾಗುತ್ತದೆಯೇ, ಆಟದ ಮಣೆಯೂ ಹೊಳೆಯುತ್ತದೆಯೇ? ದಯವಿಟ್ಟು ‘20 ಮನೆಯ ಮೂಡುಚುಕ್ಕಿ ಮಣೆ’ ಎಂಬ ಮಾತನ್ನು ನಿಮ್ಮ ಮೊಬೈಲಿನ ದನಿಯಲ್ಲಿ ಒಮ್ಮೆ ಓದಿಸಿ, ಏನು ಕೇಳಿಸಿತು ಎಂಬುದನ್ನು ಹಾಗೆಯೇ ಬರೆಯಿರಿ. ಕೈಪಿಡಿಯ ಬ್ರೈಲ್ ಪ್ರತಿ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ, ಅಲ್ಲಿಯವರೆಗೆ ಮುಖಪುಟವನ್ನು ಖಾಲಿ ಬಿಟ್ಟಿದ್ದೇನೆ.