ಮಂತ್ರ ನಂಬದವನ ನೋವು ಮಂತ್ರಕ್ಕೆ ಇಳಿದದ್ದು ಹೇಗೆ?

ಪ್ರಶ್ನೆ: ಮಗ್ಗಿಮೇಷ್ಟ್ರು (ತಿಪಟೂರು)

ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ನನಗೆ ಹದಿನಾಲ್ಕು ವರ್ಷ. ಆ ಸುದ್ದಿ ತಲೆಗೆ ಹೊಕ್ಕದ್ದು ಹೊರಗೆ ಬರಲೇ ಇಲ್ಲ. ತಾಯತ ಕಟ್ಟಿಕೊಂಡು ಪರೀಕ್ಷೆಗೆ ಬಂದ ಹುಡುಗರನ್ನು ರೇಗಿಸಿದ್ದೇನೆ, ಅದು ತಪ್ಪು ಎಂದು ಈಗ ಅನಿಸಿದರೂ.

ಕಳೆದ ಫೆಬ್ರವರಿಯಲ್ಲಿ ಎದೆಯ ಬಲಗಡೆಯಿಂದ ಬೆನ್ನಿನವರೆಗೆ ಉರಿ ಶುರುವಾಯಿತು. ಹೊರಗೆ ಏನೂ ಕಾಣದು. ವಾಯು ಎಂದುಕೊಂಡು ಮೂರು ದಿನ ಓಮದ ನೀರು ಕುಡಿದೆ. ನಾಲ್ಕನೆಯ ರಾತ್ರಿ ಹೆಂಡತಿ ಬನಿಯನ್ ಎತ್ತಿ ನೋಡಿದವಳು ಮಾತಾಡದೆ ದೀಪ ಹಾಕಿದಳು. ಸಾಲುಗಟ್ಟಿದ ನೀರುಗುಳ್ಳೆ. ಸರ್ಪಸುತ್ತು. ತಲೆಯೂ ಬಾಲವೂ ಕೂಡಿದರೆ ಆಳು ಉಳಿಯುವುದಿಲ್ಲ ಎಂದು ಪಕ್ಕದ ಮನೆಯವರು ಬೇರೆ ಬಂದು ಹೇಳಿ ಹೋದರು.

ಬೆಳಗಾಗುವಷ್ಟರಲ್ಲಿ ನನ್ನ ಭಾಮೈದ ಪಕ್ಕದ ಹಳ್ಳಿಯಿಂದ ಮಂತ್ರ ಹಾಕುವವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದಿದ್ದ. ಬೇಡವೆಂದೆ. "ನಿಮಗೆ ನಂಬಿಕೆ ಇಲ್ಲದಿದ್ದರೆ ಬೇಡ, ನನ್ನ ಸಮಾಧಾನಕ್ಕೆ ಕುಳಿತುಕೊಳ್ಳಿ" ಎಂದು ಹೆಂಡತಿ ಅತ್ತಳು. ನಡುಮನೆಯಲ್ಲಿ ಮಣೆ ಹಾಕಿ ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಅವರು ಕೆಮ್ಮಣ್ಣನ್ನು ಕಲಸಿ ಗುಳ್ಳೆಗಳ ಸುತ್ತ ಬೆರಳಿನಿಂದ ಗೆರೆ ಎಳೆದರು. ಬೇವಿನ ಸೊಪ್ಪಿನಿಂದ ಭುಜದಿಂದ ಸೊಂಟದವರೆಗೆ ಮೆಲ್ಲಗೆ ಸವರುತ್ತ ಏನೋ ಗುನುಗಿದರು, ಕೊನೆಗೆ ಮೂರು ಸಲ ಊದಿದರು. ಎಲ್ಲ ಸೇರಿ ಹದಿನೈದು ನಿಮಿಷ.

ಹತ್ತಕ್ಕೆ ಎಂಟು ಇದ್ದ ನೋವು ನಾಲ್ಕಕ್ಕೆ ಇಳಿಯಿತು. ಸುಮಾರು ಮೂರು ಗಂಟೆ ಹಾಗೇ ಇತ್ತು. ಐದು ದಿನದಲ್ಲಿ ಮೊದಲ ಸಲ ಆ ಮಧ್ಯಾಹ್ನ ನಿದ್ದೆ ಮಾಡಿದೆ.

ಸಂಜೆ ಆಸ್ಪತ್ರೆಗೆ ಹೋಗಿ ಮಾತ್ರೆಯನ್ನೂ ಶುರು ಮಾಡಿದೆ. ಮೂರು ವಾರದಲ್ಲಿ ಗುಳ್ಳೆ ಒಣಗಿತು. ಊರಿನ ಲೆಕ್ಕದಲ್ಲಿ ಅದು ಮಂತ್ರದ ಖಾತೆಗೆ. ಆದರೆ ಐದು ತಿಂಗಳಾದರೂ ಉರಿ ಹೋಗಿಲ್ಲ. ಬನಿಯನ್ ತಾಗಿದರೆ ಸುಟ್ಟ ಜಾಗದ ಮೇಲೆ ಉಪ್ಪುಕಾಗದ ಉಜ್ಜಿದ ಹಾಗೆ. ಮಂತ್ರದವರನ್ನು ಕೇಳಿಸಿದರೆ, "ಮೇಷ್ಟ್ರು ನಂಬಿಕೆಯಿಲ್ಲದೆ ಕುಳಿತರು, ಅದಕ್ಕೇ ಬೇರು ಉಳಿಯಿತು" ಎಂದರಂತೆ.

ಗುಳ್ಳೆ ಒಣಗಿದ್ದರ ಬಗ್ಗೆ ನನಗೆ ಅನುಮಾನವಿಲ್ಲ, ಅದು ಒಣಗುವ ಜಾತಿಯದೇ. ನನ್ನ ಪ್ರಶ್ನೆ ಆ ಮೂರು ಗಂಟೆಗಳದು. ನಂಬಿಕೆಯಿಂದ ನೋವು ಇಳಿಯುತ್ತದೆ ಎನ್ನುವುದಾದರೆ, ನನ್ನ ಹತ್ತಿರ ಆ ಸಾಮಾನೇ ಇರಲಿಲ್ಲವಲ್ಲ?

ಉತ್ತರ 1: ಕಲ್ಲುಕಂಬ

ಗುಣವಾಯಿತಲ್ಲ ಮೇಷ್ಟ್ರೇ, ಉಂಡಾದ ಮೇಲೆ ಅಡುಗೆಯವರ ಜಾತಕ ಏಕೆ ಕೇಳುತ್ತೀರಿ? ನಮ್ಮ ತಾಯಿಗೆ ಮೂರು ದಿನ ಹಾಕಿಸಿದೆವು. ಒಂದು ಮಾತ್ರೆ ನುಂಗದೆ ಹದಿನೆಂಟು ದಿನಕ್ಕೆ ಮೈ ಸ್ವಚ್ಛವಾಯಿತು. ಕಣ್ಣಾರೆ ಕಂಡದ್ದಕ್ಕೆ ಬೇರೆ ಸಾಕ್ಷಿ ಬೇಕೆ?

ಉತ್ತರ 2: ನೋವಿನ_ಡಾಕ್ಟರು (ಮೈಸೂರು)

ಕಲ್ಲುಕಂಬ ಅವರೇ, ನಿಮ್ಮ ತಾಯಿಯವರಿಗೆ ಗುಣವಾದದ್ದು ಸಂತೋಷ. ಆದರೆ ಎರಡರಿಂದ ನಾಲ್ಕು ವಾರ ಎನ್ನುವುದು ಈ ಕಾಯಿಲೆಯದೇ ವೇಳಾಪಟ್ಟಿ. ಹತ್ತು ಗಂಟೆಗೆ ಬರುವ ಬಸ್ಸಿಗೆ ಒಂಬತ್ತೂವರೆಗೆ ಕೈ ಅಡ್ಡ ಹಿಡಿದು ನಿಂತರೂ ಅದು ಹತ್ತಕ್ಕೇ ಬರುತ್ತದೆ.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಬಂದಿರುತ್ತದೆ, ಅಮ್ಮ ಎನ್ನುತ್ತೇವಲ್ಲ, ಅದರ ವೈರಸ್ಸೇ ಇದು. ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಹತ್ತಾರು ವರ್ಷ ಮಲಗಿದ್ದು, ಮೈಯ ರೋಗನಿರೋಧಕ ಶಕ್ತಿ ಸಡಿಲವಾದಾಗ ಒಂದು ನರವನ್ನು ಹಿಡಿದು ಚರ್ಮಕ್ಕೆ ಬರುತ್ತದೆ. ಇಂಗ್ಲೆಂಡಿನ ಸೈರನ್‌ಸೆಸ್ಟರ್ ಎಂಬ ಊರಿನ ಕುಟುಂಬವೈದ್ಯ ಹೋಪ್-ಸಿಂಪ್ಸನ್ ತನ್ನ ರೋಗಿಗಳ ದಾಖಲೆಗಳನ್ನು ವರ್ಷಗಟ್ಟಲೆ ಇಟ್ಟು 1965ರಲ್ಲಿ ಇದನ್ನು ವಾದಿಸಿದ. ಆ ನರ ಮೈಯ ಅರ್ಧಕ್ಕೆ ಮಾತ್ರ ಹರಡಿರುತ್ತದೆ. ಹಾಗಾಗಿ ಸಾಮಾನ್ಯವಾಗಿ ನಡುಗೆರೆಯಲ್ಲೇ ನಿಲ್ಲುತ್ತದೆ, ಹಾವಿನ ತಲೆಬಾಲ ಕೂಡುವುದಿಲ್ಲ. ಮಂತ್ರ ತಡೆಯಿತು ಎನ್ನುವ ಅಪಾಯ ಮೊದಲೇ ಬರುವಂಥದ್ದಾಗಿರಲಿಲ್ಲ.

ಮೇಷ್ಟ್ರ ಮೂರು ಗಂಟೆ ನಿಜ. ಅದನ್ನು ಭ್ರಮೆ ಎನ್ನುವ ವೈದ್ಯರನ್ನು ನಾನು ಒಪ್ಪುವುದಿಲ್ಲ. ಮೊಣಕೈ ತಾಗಿದರೆ ಉಜ್ಜಿಕೊಳ್ಳುತ್ತೇವೆ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೇ ನೋವಿನ ಸುದ್ದಿಗೆ ಬಾಗಿಲು ಮುಚ್ಚುತ್ತದೆ ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದರು. ತಣ್ಣನೆಯ ಮಣ್ಣು, ಸವರುವ ಸೊಪ್ಪು ಆ ಕೆಲಸ ಮಾಡಿರಬಹುದು. ಎರಡನೆಯದು ನಿರೀಕ್ಷೆ. 1978ರಲ್ಲಿ ಅಮೆರಿಕದಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ಒಂದು ಪ್ರಯೋಗ ನಡೆಯಿತು. ಔಷಧವೇ ಇಲ್ಲದ ಚುಚ್ಚುಮದ್ದಿನಿಂದ ನೋವು ಇಳಿದವರಿಗೆ ಆಮೇಲೆ ನಲಾಕ್ಸೋನ್ ಕೊಟ್ಟರು. ಅಫೀಮಿನ ಪರಿಣಾಮವನ್ನು ಅಳಿಸುವ ಔಷಧ ಅದು. ನೋವು ಮತ್ತೆ ಏರಿತು. ಅಂದರೆ ಇಳಿಸಿದ್ದು ಮೈಯೇ ಸುರಿಸಿದ ಅಫೀಮಿನಂಥ ರಸ. ಅದಕ್ಕೆ ದೇವರಲ್ಲಿ ನಂಬಿಕೆ ಬೇಕೆಂದಿಲ್ಲ. ಐದು ದಿನ ಹೆದರಿ ಕುಳಿತವರ ಎದುರು ಕೈ ನಡುಗದ ಒಬ್ಬರು ಬಂದು ಕೂತರು, ಹೆಂಡತಿ ಅಳು ನಿಲ್ಲಿಸಿದರು. ಸಾಕು.

ಇನ್ನು ಉಳಿದ ಉರಿ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ಸಿನ ಮಾತ್ರೆ ಶುರುವಾಗಬೇಕು, ನಿಮ್ಮದು ಆಗಿದೆ. ಆದರೂ ಕೆಲವರಿಗೆ ನೋವು ಉಳಿಯುತ್ತದೆ, ವಯಸ್ಸಾದಂತೆ ಹೆಚ್ಚು. ಪೆಟ್ಟುಬಿದ್ದ ನರ ಸುಮ್ಮನೆ ತಾಗಿದ್ದನ್ನೂ ಬೆಂಕಿ ಎಂದು ವರದಿ ಮಾಡುತ್ತದೆ. ನಮ್ಮ ಮಾತ್ರೆ ಇದನ್ನು ಖಂಡಿತ ತಪ್ಪಿಸುತ್ತದೆ ಎಂದು ನಾನು ಹೇಳಲಾರೆ. ನಿಮ್ಮ ನಂಬಿಕೆಯ ಕೊರತೆಯಿಂದ ಉಳಿಯಿತು ಎಂದಂತೂ ಹೇಳುವುದಿಲ್ಲ.

ಉತ್ತರ 3: ತೆಂಗಿನಗರಿ

ನಮ್ಮ ತಾತ ಹಾಸನದ ಕಡೆ ಸರ್ಪಸುತ್ತಿಗೆ ಮಂತ್ರ ಹಾಕುತ್ತಿದ್ದರು. ದುಡ್ಡು ಮುಟ್ಟುತ್ತಿರಲಿಲ್ಲ. ಗುಣವಾದ ಮೇಲೆ ಒಂದು ತೆಂಗಿನಕಾಯಿ, ಎಲೆ ಅಡಿಕೆ ತಂದು ಜಗುಲಿಯ ಮೇಲೆ ಇಡಬೇಕು, ಅಷ್ಟೇ. ಮೋಸಗಾರರಲ್ಲ. ಮುಖದ ಮೇಲೆ ಬಂದದ್ದನ್ನು, "ಕಣ್ಣಿನ ಹತ್ತಿರದ್ದು ನನ್ನದಲ್ಲ" ಎಂದು ಆಸ್ಪತ್ರೆಗೆ ಕಳಿಸುತ್ತಿದ್ದರು.

ದೊಡ್ಡವಳಾದ ಮೇಲೆ ಹೊಳೆದದ್ದು ಒಂದು. ತೆಂಗಿನಕಾಯಿ ಹಿಡಿದು ಬಂದವರೆಲ್ಲ ಗುಣವಾದವರು. ಉರಿ ಉಳಿದವರು ಯಾವ ಮುಖ ಇಟ್ಟುಕೊಂಡು ಬರುತ್ತಾರೆ? ಅವರು ಬಾರದೇ ಇದ್ದುದರಿಂದ ತಾತನ ಕಣ್ಣಿಗೆ ಸೋಲು ಎಂಬುದು ಬೀಳಲೇ ಇಲ್ಲ. ನಲವತ್ತು ವರ್ಷ ಜಗುಲಿಯ ತುಂಬ ಕಾಯಿಯನ್ನೇ ನೋಡಿದವರಿಗೆ ಬೇರೆ ಏನು ಅನಿಸಬೇಕು?

ತಾತನ ಮಂಡಿನೋವಿಗೆ ಮಾತ್ರ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಮುಲಾಮು. ಅದನ್ನು ಹಚ್ಚುವ ಕೆಲಸ ನನ್ನದಾಗಿತ್ತು.

ಪ್ರತಿಕ್ರಿಯೆ: ಮಗ್ಗಿಮೇಷ್ಟ್ರು

ತೆಂಗಿನಗರಿ ಅವರೇ, ಜಗುಲಿಯ ಮಾತು ಓದಿ ಎದ್ದು ಒಂದು ಸುತ್ತು ಅಂಗಳದಲ್ಲಿ ತಿರುಗಾಡಿ ಬಂದೆ. ನಾನೂ ಆ ಬಾರದವರ ಪೈಕಿ. ಮೂವತ್ತೊಂದು ವರ್ಷ ಸರಾಸರಿ ಹೇಳಿಕೊಟ್ಟವನಿಗೆ, ಗೈರುಹಾಜರಾದವರನ್ನು ಬಿಟ್ಟು ಸರಾಸರಿ ತೆಗೆಯುತ್ತಿದ್ದಾರೆ ಎಂದು ಹೊಳೆಯಲಿಲ್ಲ.

ಡಾಕ್ಟರೇ, ಒಂದು ವಾರದಿಂದ ಗೋಡೆಯ ಕ್ಯಾಲೆಂಡರಿನಲ್ಲಿ ನೋವಿನ ಅಂಕಿ ಬರೆದಿದ್ದೇನೆ. ಸೋಮವಾರ ಹೆಂಡತಿ ಒದ್ದೆ ಬಟ್ಟೆ ಹಾಕಿ, ಉರಿಯ ಜಾಗ ಬಿಟ್ಟು ಸುತ್ತ ಬೇವಿನ ಸೊಪ್ಪು ಸವರಿದಳು, ಮಾತಿಲ್ಲ: ಏಳರಿಂದ ಐದು. ಗುರುವಾರ ಅದೇ ಕೆಲಸ, ಜೊತೆಗೆ ನನ್ನ ಒತ್ತಾಯಕ್ಕೆ ಹದಿಮೂರರ ಮಗ್ಗಿ ಗುನುಗಿದಳು. ಹದಿಮೂರೇಳಲ ತೊಂಬತ್ತೊಂದಕ್ಕೆ ತಪ್ಪಿದಳು, ಇಬ್ಬರೂ ನಕ್ಕೆವು: ಏಳರಿಂದ ನಾಲ್ಕೂವರೆ. ಒಬ್ಬನೇ ರೋಗಿ, ಎರಡೇ ಸಲ, ಅಂಕ ಹಾಕುವವನೂ ನಾನೇ. ಇದನ್ನು ಪ್ರಯೋಗ ಎಂದು ನನ್ನ ವಿದ್ಯಾರ್ಥಿ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಸಿಟ್ಟು ಉಳಿದಿರುವುದು ಮಣ್ಣಿನ ಮೇಲಲ್ಲ, ಆ ಒಂದು ಮಾತಿನ ಮೇಲೆ. ಬೇರು ಉಳಿಯಿತು ಎಂದರಲ್ಲ, ಅದಾದ ಮೇಲೆ ಎರಡು ತಿಂಗಳು ಮನೆಯಲ್ಲಿ ನನ್ನ ನೋವು ನನ್ನ ಹಠದ ಫಲವಾಗಿಬಿಟ್ಟಿತ್ತು. ರಾತ್ರಿ ಎರಡು ಗಂಟೆಗೆ ಮುಲುಗಿದರೆ ಹೆಂಡತಿ ಎದ್ದು, "ಇನ್ನೊಂದು ಸಲ ಮನಸ್ಸಿಟ್ಟು ಕುಳಿತುಕೊಳ್ಳಿ" ಎನ್ನುತ್ತಿದ್ದಳು. ಒಂದು ರಾತ್ರಿ ಕುಳಿತುಕೊಳ್ಳೋಣವೇ ಎಂದು ನನಗೂ ಅನಿಸಿತು. ಮಾತ್ರೆ ಫಲಿಸದಿದ್ದಾಗ ಯಾವ ಡಾಕ್ಟರೂ ನನಗೆ ಹಾಗೆ ಹೇಳಲಿಲ್ಲ.

ಈಗ ರಾತ್ರಿ ಒಂಬತ್ತೂವರೆಗೆ ಪ್ರೆಗಾಬಾಲಿನ್ ಎಂಬ ನರನೋವಿನ ಮಾತ್ರೆ. ಉರಿ ಕಡಿಮೆ, ಆದರೆ ಬೆಳಗ್ಗೆ ತಲೆ ತೇಲುತ್ತದೆ.

ಉತ್ತರ 4: ನೋವಿನ_ಡಾಕ್ಟರು (ಮೈಸೂರು)

ಮಾತ್ರೆಯನ್ನು ಇನ್ನೂ ಬೇಗ ತೆಗೆದುಕೊಳ್ಳಬಹುದೇ, ಪ್ರಮಾಣ ಇಳಿಸಬೇಕೇ ಎಂದು ಬರೆದುಕೊಟ್ಟವರನ್ನೇ ಕೇಳಿ, ನೀವೇ ನಿಲ್ಲಿಸಬೇಡಿ. ರಾತ್ರಿ ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಮುಂದುವರಿಯಲಿ, ಮಗ್ಗಿಯೂ. ನಿಮ್ಮ ಮನೆಯವರಿಗೆ ಐವತ್ತು ದಾಟಿದ್ದರೆ ಸರ್ಪಸುತ್ತಿಗೆ ಲಸಿಕೆ ಇದೆ, ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಸಲ. ಬೆಲೆ ಮಾತ್ರ ದುಬಾರಿ.

ಪ್ರತಿಕ್ರಿಯೆ: ಮಗ್ಗಿಮೇಷ್ಟ್ರು

ಬೆಲೆ ವಿಚಾರಿಸಲು ಭಾಮೈದನನ್ನೇ ಬೈಕಿನಲ್ಲಿ ಕಳಿಸಿದ್ದೇನೆ.