ಹೋಮ್ ಲೋನ್ ಬೇರೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡ್ಸೋವಾಗ ಎಮರ್ಜೆನ್ಸಿ ದುಡ್ಡು ಮುಟ್ಬಹುದಾ?

ದಾವಣಗೆರೆ_ಹುಡುಗ:
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ಫ್ಲ್ಯಾಟ್ ಇದೆ, ಲೋನ್ ಒಂದು ಹೌಸಿಂಗ್ ಫೈನಾನ್ಸ್ ಕಂಪನೀದು, ಫ್ಲೋಟಿಂಗ್, ಅಂದ್ರೆ ಬಡ್ಡಿ ಆಗಾಗ ಬದಲಾಗೋದು. ಇನ್ನೂ 38 ಲಕ್ಷ ಬಾಕಿ, 14 ವರ್ಷ ಇದೆ, ಬಡ್ಡಿ 9.1%. 2025ರಲ್ಲಿ ರೆಪೊ ರೇಟು (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡೋ ಬಡ್ಡಿ) 6.5ರಿಂದ 5.25ಕ್ಕೆ ಬಂತು ಆದ್ರೆ ನಂಗೆ ಇಳಿದಿದ್ದು ಕಾಲು ಪರ್ಸೆಂಟ್ ಅಷ್ಟೇ. ಈಗ ಒಂದು ಸರ್ಕಾರಿ ಬ್ಯಾಂಕಿನೋರು 7.9ಕ್ಕೆ ತಗೋತೀವಿ ಅಂತಿದಾರೆ. ಕಷ್ಟಕಾಲಕ್ಕೆ ಅಂತ 5 ಲಕ್ಷ ಎಫ್‌ಡಿ ಇಟ್ಟಿದೀನಿ, ಅದನ್ನ ಮುರಿದು ಅಸಲಿಗೆ ಕಟ್ಟಿ 33 ಲಕ್ಷ ಮಾತ್ರ ಟ್ರಾನ್ಸ್‌ಫರ್ ಮಾಡ್ಸೋಣ ಅಂತ ನನ್ನ ಯೋಚನೆ, ಬೇಡವೇ ಬೇಡ ಅಂತ ನಮ್ಮನೆಯವಳು. ಪ್ರೈವೇಟ್ ಕೆಲಸ, ಅಪ್ಪ ಅಮ್ಮ ನಮ್ಜೊತೆಗೇ ಇದಾರೆ. ಏನ್ ಮಾಡ್ಲಿ?

ಲೆಕ್ಕದ_ಪುಸ್ತಕ:
ಟ್ರಾನ್ಸ್‌ಫರ್ ಮಾಡ್ಸಿ ಸರ್, ಆದ್ರೆ ಎಫ್‌ಡಿ ಮುಟ್ಬೇಡಿ. 2019ರ ಅಕ್ಟೋಬರಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಹೋಮ್ ಲೋನನ್ನ ರೆಪೊ ಥರದ ಹೊರಗಿನ ರೇಟಿಗೆ ಲಿಂಕ್ ಮಾಡ್ಲೇಬೇಕು, ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಡ್ಡಾಯ ಇಲ್ಲ, ಅವ್ರು ತಮ್ಮದೇ ಪಿಎಲ್‌ಆರ್ ಅಂದ್ರೆ ತಾವೇ ನಿಗದಿ ಮಾಡೋ ಮೂಲ ಬಡ್ಡಿ ದರ ಇಟ್ಕೊಂಡಿರ್ತಾರೆ, ಅದಕ್ಕೇ ನಿಮ್ಗೆ ಇಳೀಲಿಲ್ಲ. ಮೊದ್ಲು ಹೊಸ ಬ್ಯಾಂಕಿನ ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾದ ಪತ್ರ) ತಗೊಂಡು ಈಗಿನ ಕಂಪನಿಗೇ ಹೋಗಿ ರೇಟ್ ಕಮ್ಮಿ ಮಾಡ್ತೀರಾ ಅಂತ ಕೇಳಿ. ಕನ್ವರ್ಷನ್ ಫೀ ಅಂತ ಸ್ವಲ್ಪ ತಗೊಂಡು ಇಳಿಸೋದುಂಟು, ಓಡಾಟಾನೇ ತಪ್ಪತ್ತೆ.

ಇಳಿಸ್ಲಿಲ್ಲ ಅಂದ್ರೆ ಲೆಕ್ಕ ಹೀಗೆ. ಈಗಿನ ಇಎಂಐ ಸುಮಾರು 40,080, 7.9ಕ್ಕೆ ಅದೇ 14 ವರ್ಷಕ್ಕೆ 37,455, ಅಂದ್ರೆ ತಿಂಗಳಿಗೆ 2,600 ಚಿಲ್ಲರೆ ಉಳಿತಾಯ. ಪ್ರೊಸೆಸಿಂಗ್ ಫೀ, ಲಾಯರ್, ವ್ಯಾಲ್ಯುಯೇಷನ್, ಸ್ಟ್ಯಾಂಪ್ ಡ್ಯೂಟಿ ಎಲ್ಲಾ ಸೇರಿ 35 ಸಾವಿರ ಆಯ್ತು ಅಂತಿಟ್ಕೊಳ್ಳಿ, ಒಂದು ವರ್ಷದ ಮೇಲೆ ಒಂದೆರಡು ತಿಂಗಳಲ್ಲಿ ಹುಟ್ಟುತ್ತೆ. ಇಎಂಐ ಇಳಿಸದೆ ಹಳೇದನ್ನೇ ಕಟ್ತಾ ಹೋದ್ರೆ ಸುಮಾರು 19 ಕಂತು ಮುಂಚೆನೇ ಸಾಲ ತೀರತ್ತೆ. ಫ್ಲೋಟಿಂಗ್ ಆಗಿರೋದ್ರಿಂದ ಅವಧಿಗೆ ಮುಂಚೆ ಸಾಲ ತೀರಿಸಿದ್ದಕ್ಕೆ ಫೋರ್‌ಕ್ಲೋಷರ್ ಚಾರ್ಜ್ ಕೇಳೋ ಹಾಗಿಲ್ಲ.

ಸಾಗರದ_ಕಡೆಯವಳು:
ನಿಮ್ಮನೆಯವ್ರು ಹೇಳ್ತಿರೋದು ಸರಿ ಅಣ್ಣ. 5 ಲಕ್ಷ ಕಟ್ಟಿದ್ರೆ ಮೊದಲ ವರ್ಷ 39 ಸಾವಿರ ಬಡ್ಡಿ ಉಳಿಯತ್ತೆ, ಎಫ್‌ಡೀಲಿ 6.5 ಬಂದ್ರೆ 32 ಸಾವಿರ ಬರತ್ತೆ, ಟ್ಯಾಕ್ಸ್ ಹಿಡಿದ್ರೂ ವ್ಯತ್ಯಾಸ ವರ್ಷಕ್ಕೆ ಹದಿನೈದು ಸಾವಿರದ ಆಸುಪಾಸು ಅಷ್ಟೇ. ಅಷ್ಟಕ್ಕೋಸ್ಕರ ಕೈ ಖಾಲಿ ಮಾಡ್ಕೋಬೇಡಿ. ಮನೆಗೆ ಹಾಕಿದ ದುಡ್ಡು ಬೇಕಂದಾಗ ವಾಪಸ್ ಬರಲ್ಲ, ಟಾಪ್-ಅಪ್ (ಇರೋ ಲೋನ್ ಮೇಲೆ ಇನ್ನಷ್ಟು ಸಾಲ) ಕೊಡ್ತೀವಿ ಅಂತಾರೆ ನಿಜ, ಆದ್ರೆ ಅದಕ್ಕೂ ಸ್ಯಾಲರಿ ಸ್ಲಿಪ್ ಕೇಳ್ತಾರೆ, ಕೆಲಸ ಹೋದಾಗ ಸ್ಲಿಪ್ ಎಲ್ಲಿಂದ ತರ್ತೀರಾ? ವಯಸ್ಸಾದೋರು ಮನೇಲಿದಾರೆ, ಆಸ್ಪತ್ರೆಯಲ್ಲಿ ಅಡ್ವಾನ್ಸ್ ಕಟ್ಟಿ ಅಂದ ದಿನ ಕ್ರೆಡಿಟ್ ಕಾರ್ಡ್ ಉಜ್ಜೋ ಹಾಗಾಗಬಾರದು. ಇಎಂಐ, ಮನೆಖರ್ಚು ಸೇರಿಸಿ ಆರು ತಿಂಗಳಿಗೆ ಎಷ್ಟಾಗತ್ತೆ ನೋಡಿ, 5 ಲಕ್ಷಾನೇ ಸಾಲದು ಅನ್ಸತ್ತೆ ನಂಗೆ. ಟ್ರಾನ್ಸ್‌ಫರ್ ಖರ್ಚನ್ನೂ ಅದ್ರಿಂದ ತೆಗೀಬೇಡಿ, ಮೂರ್ನಾಲ್ಕು ತಿಂಗಳು ಸಂಬಳದಲ್ಲಿ ಬೇರೆಯಾಗಿ ಎತ್ತಿಟ್ಟು ಆಮೇಲೆ ಅರ್ಜಿ ಹಾಕಿ.

ಜಯನಗರ_4ನೇ_ಬ್ಲಾಕ್:
ಇನ್ನೊಂದು ವಿಷ್ಯ, ಟ್ರಾನ್ಸ್‌ಫರ್ ಆಗೋ ತಿಂಗಳಲ್ಲೇ ಕೈಯಲ್ಲಿ ದುಡ್ಡು ಬೇಕು. ಹಳೇ ಮ್ಯಾಂಡೇಟ್ (ಅಕೌಂಟಿಂದ ಇಎಂಐ ತಾನಾಗೇ ಕಟ್ ಆಗೋಕೆ ಕೊಟ್ಟ ಒಪ್ಪಿಗೆ) ಕ್ಯಾನ್ಸಲ್ ಆಗೋ ಮುಂಚೆ ಇನ್ನೊಂದು ಇಎಂಐ ಕಟ್ ಆಗ್ಬಹುದು, ಅದು ವಾಪಸ್ ಬರೋಕೆ ಟೈಮ್ ಹಿಡಿಯತ್ತೆ, ಅಷ್ಟರಲ್ಲಿ ಹೊಸ ಬ್ಯಾಂಕಿನ ಬಡ್ಡೀನೂ ಶುರುವಾಗಿರತ್ತೆ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನಲ್ಲಿ ಇಸಿ (ಋಣಭಾರ ಪತ್ರ) ತೆಗೆದಿಡಿ, ಇ-ಖಾತಾ, ಕಂದಾಯದ ರಸೀದಿ ರೆಡಿ ಇಟ್ಕೊಳ್ಳಿ. ಹಳೇ ಕಂಪನಿಯಿಂದ ಯಾವ್ಯಾವ ಒರಿಜಿನಲ್ ಪತ್ರ ಅವ್ರ ಹತ್ರ ಇದೆ ಅನ್ನೋ ಪಟ್ಟಿ ಬರವಣಿಗೆಯಲ್ಲೇ ತಗೊಳ್ಳಿ. ಸಾಲ ತೀರಿದ 30 ದಿನದೊಳಗೆ ಪತ್ರ ಬಿಡ್ಲೇಬೇಕು, ಅವ್ರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ರೂಪಾಯಿ ಕೊಡ್ಬೇಕು ಅಂತ ಆರ್‌ಬಿಐ ರೂಲ್ಸ್ ಇದೆ, 2023ರ ಡಿಸೆಂಬರಿಂದ.

ದಾವಣಗೆರೆ_ಹುಡುಗ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಎಫ್‌ಡಿ ಹಾಗೇ ಬಿಡ್ತೀನಿ. ಓವರ್‌ಡ್ರಾಫ್ಟ್ ಥರದ ಹೋಮ್ ಲೋನ್ ಇದೆಯಂತಲ್ಲ, ಅದು ನಂಗೆ ಆಗತ್ತಾ?

ಲೆಕ್ಕದ_ಪುಸ್ತಕ:
ಆಗತ್ತೆ ಸರ್, ಎಸ್‌ಬಿಐ ಮ್ಯಾಕ್ಸ್‌ಗೇನ್ ಅದೇ ಥರದ್ದು. ಅಕೌಂಟಲ್ಲಿ ಹೆಚ್ಚಿಗೆ ಇಟ್ಟ ದುಡ್ಡಿನಷ್ಟಕ್ಕೆ ಬಡ್ಡಿ ಬೀಳಲ್ಲ, ಬೇಕಾದಾಗ ತಕ್ಕೋಬಹುದು. ಆದ್ರೆ ಈ ಥರದ್ದಕ್ಕೆ ರೇಟ್ ಸ್ವಲ್ಪ ಜಾಸ್ತಿ ಇರತ್ತೆ. 38 ಲಕ್ಷಕ್ಕೆ ಕಾಲು ಪರ್ಸೆಂಟ್ ಜಾಸ್ತಿ ಆದ್ರೂ ವರ್ಷಕ್ಕೆ 9,500, ನೀವು ಅದ್ರಲ್ಲಿ ಯಾವಾಗ್ಲೂ ಎಷ್ಟು ಇಡ್ತೀರಾ ಅನ್ನೋದನ್ನ ಇದ್ರ ಪಕ್ಕ ಇಟ್ಟು ನೋಡಿ.